ಓಡುವ ಕಾರಿನಿಂದ ಗುಂಡು: ಬೇರೆಯೇ ಒಂದು ಕಲಂ ಬೇಕೇ?

ವಾಹನದಿಂದ ಗುಂಡು ಹಾರಿಸುವುದನ್ನು ಅಮೆರಿಕದ ಹಲವು ರಾಜ್ಯಗಳು ಪ್ರತ್ಯೇಕ ಅಪರಾಧವೆಂದು ಪರಿಗಣಿಸುತ್ತವೆ. ಬೇ ಏರಿಯಾ, ಸಿಯಾಟಲ್ ಕಡೆ ಸಾವಿರಾರು ಕನ್ನಡಿಗರು ದಿನಾ ಓಡಾಡುವ ರಸ್ತೆಗಳು ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳ ಇಂಥ ಕಾನೂನುಗಳಿಗೆ ಒಳಪಟ್ಟಿವೆ. ಕೊಲೆ, ಕೊಲೆ ಯತ್ನದ ಕಲಂಗಳು ಇದ್ದೇ ಇರುವಾಗ ಇದು ಬೇಕೇ?

ಪರ: ಗುಂಡು ಯಾರಿಗಾದರೂ ತಗಲುವ ತನಕ ಕಾಯಬಾರದು

ರಸ್ತೆ ಬದಿ ಏಳೆಂಟು ಜನ ನಿಂತಿದ್ದಾರೆ. ಕಾರೊಂದು ನಿಧಾನ ಮಾಡುತ್ತದೆ, ಹಿಂದಿನ ಸೀಟಿನ ಗಾಜು ಇಳಿಯುತ್ತದೆ, ಐದು ಗುಂಡು ಹಾರುತ್ತವೆ. ಎರಡು ಗೋಡೆಗೆ, ಒಂದು ಲೈಟ್ ಕಂಬಕ್ಕೆ, ಇನ್ನೆರಡು ಎಲ್ಲಿ ಹೋದವೋ ಪತ್ತೆಯಿಲ್ಲ. ಪುಣ್ಯಕ್ಕೆ ಯಾರಿಗೂ ಗಾಯವಿಲ್ಲ. ಈಗ ಯಾವ ಕೇಸು ಹಾಕುವುದು? ಕೊಲೆ ಯತ್ನ ಎನ್ನಬೇಕಾದರೆ ಕೊಲ್ಲುವ ಉದ್ದೇಶವಿತ್ತೆಂದು ಸಾಬೀತು ಮಾಡಬೇಕು. ‘ಹೆದರಿಸೋಕೆ ಹೊಡೆದೆ, ಯಾರಿಗೂ ಗುರಿ ಇಟ್ಟಿರಲಿಲ್ಲ’ ಎಂದು ಆರೋಪಿ ಹೇಳಿದರೆ ಪ್ರಾಸಿಕ್ಯೂಷನ್ ಅಲ್ಲಿಗೇ ಕುಂಟತೊಡಗುತ್ತದೆ. ಗಾಯವಾದವರಿಲ್ಲ, ಹೆಸರಿಟ್ಟು ಹೇಳಬಹುದಾದ ಗುರಿಯೂ ಇಲ್ಲ.

ವಾಷಿಂಗ್ಟನ್ ರಾಜ್ಯದ ಕಾನೂನು ಈ ಕಂದಕವನ್ನೇ ಮುಚ್ಚುತ್ತದೆ. ಅಲ್ಲಿ ಕೊಲ್ಲುವ ಉದ್ದೇಶ ಬೇಕಿಲ್ಲ. ಇತರರಿಗೆ ಸಾವು ಅಥವಾ ತೀವ್ರ ಗಾಯದ ಗಣನೀಯ ಅಪಾಯ ಒಡ್ಡುವಂತೆ, ಪರಿವೆಯಿಲ್ಲದೆ, ವಾಹನದಿಂದ ಅಥವಾ ಬಂದೂಕನ್ನೋ ಹೊಡೆದವನನ್ನೋ ತಂದ ವಾಹನದ ತೀರಾ ಹತ್ತಿರದಿಂದ ಗುಂಡು ಹಾರಿಸಿದ್ದರೆ ಸಾಕು. ಇದು ಅಲ್ಲಿ ‘ಬಿ’ ದರ್ಜೆಯ ಘೋರಾಪರಾಧ, ಗರಿಷ್ಠ ಹತ್ತು ವರ್ಷ. ಚಲಿಸುತ್ತಿದ್ದ ವಾಹನದಿಂದ ಕಾನೂನುಬಾಹಿರವಾಗಿ ಹೊಡೆದಿದ್ದರೆ ಅದು ಪರಿವೆಗೇಡಿತನವೇ ಎಂದು ಜ್ಯೂರಿ ಊಹಿಸಿಕೊಳ್ಳಲು ಅವಕಾಶವಿದೆ. ಹಾಗಲ್ಲವೆಂದು ಸಾಕ್ಷ್ಯ ಮನವರಿಕೆ ಮಾಡಿಕೊಟ್ಟರೆ ಆ ಊಹೆ ಬಿದ್ದುಹೋಗುತ್ತದೆ.

ಆ ಊಹೆ ಅನ್ಯಾಯವೆಂದು ಕೆಲವರ ವಾದ. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಬಾರಿ ಟ್ರಿಗರ್ ಒತ್ತಿದರೆ, ಎರಡನೇ ಗುಂಡು ಹೊರಡುವ ಜಾಗ ಮೊದಲನೆಯದಕ್ಕಿಂತ ಎಂಟು ಮೀಟರ್ ಮುಂದೆ. ಗುರಿಯ ಹಿಂದೆ ಇದ್ದದ್ದು ಮೊದಲು ಖಾಲಿ ಗೋಡೆ, ಈಗ ಬಸ್ ನಿಲ್ದಾಣ. ರಸ್ತೆಯ ಉಬ್ಬುತಗ್ಗಿಗೆ ಕಾರು ಕುಲುಕುತ್ತದೆ, ಹೊರಚಾಚಿದ ಕೈಗೆ ಗಾಳಿ ಬಡಿಯುತ್ತದೆ. ತನ್ನ ಗುಂಡಿನ ಹಾದಿಯಲ್ಲಿ ಯಾರಿದ್ದಾರೆಂದು ತಿಳಿಯುವ ದಾರಿಯೇ ಹೊಡೆಯುವವನಿಗಿಲ್ಲ. ನಿಂತು ಹೊಡೆದವನಿಗೂ ಅವನಿಗೂ ಇರುವ ನಿಜವಾದ ವ್ಯತ್ಯಾಸ ಇದು.

ಇನ್ನೊಂದು ವ್ಯತ್ಯಾಸ ತನಿಖೆಯದು. ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಖಾಲಿ ಕಾಟ್ರಿಡ್ಜನ್ನು ಸಾಮಾನ್ಯವಾಗಿ ಬಲಕ್ಕೆ, ತುಸು ಹಿಂದಕ್ಕೆ ಎಸೆಯುತ್ತದೆ. ಕೈ ಕಿಟಕಿಯೊಳಗೇ ಇಟ್ಟು ಹೊಡೆದರೆ ಅದು ಹೆಚ್ಚಾಗಿ ಕಾರಿನೊಳಗೇ ಬಿದ್ದು ಕಾರಿನ ಜೊತೆಗೇ ಹೋಗುತ್ತದೆ. ರಿವಾಲ್ವರ್ ಆದರೆ ಬೀಳುವುದೇ ಇಲ್ಲ. ಸ್ಥಳದಲ್ಲಿ ಉಳಿಯುವುದು ಗೋಡೆಯ ತೂತು, ಚಪ್ಪಟೆಯಾದ ಸೀಸ, ಅಷ್ಟೇ. ಗುಂಡು ಎರಡು ಪದರ ತೂರಿದ್ದರೆ ಎರಡು ತೂತಿನ ನಡುವೆ ಕಡ್ಡಿ ತೂರಿಸಿಯೋ ಲೇಸರ್ ಹಾಯಿಸಿಯೋ ದಿಕ್ಕು ಹಿಡಿಯಬಹುದು. ಒಂದೇ ತೂತಿದ್ದರೆ ಸಿಗುವುದು ಅಂದಾಜು ಕೋನ ಮಾತ್ರ. ಎರಡು ನಿಮಿಷದಲ್ಲಿ ಕಾರು ಎರಡು ಕಿ.ಮೀ. ದಾಟಿರುತ್ತದೆ.

ಕಾರು ಸಿಕ್ಕಿತು ಎನ್ನೋಣ. ಒಳಗೆ ಮೂವರು, ಸೀಟಿನಡಿ ಒಂದು ಪಿಸ್ತೂಲು. ‘ನಾನಲ್ಲ’ ಎಂದು ಮೂವರೂ ಹೇಳುತ್ತಾರೆ. ಕಾಟ್ರಿಡ್ಜಿನ ತಳದ ಕಿಡಿಮದ್ದು, ಅಂದರೆ ಪ್ರೈಮರ್, ಸಿಡಿದಾಗ ಹೊಮ್ಮುವ ಸೀಸ, ಬೇರಿಯಂ, ಆಂಟಿಮನಿ ಕಣಗಳು ಮುಚ್ಚಿದ ಕಾರಿನಲ್ಲಿ ಎಲ್ಲರ ಕೈ, ತೋಳು, ಸೀಟಿನ ಬಟ್ಟೆಯ ಮೇಲೂ ಕೂರುತ್ತವೆ. ಆದ್ದರಿಂದ ಯಾರು ಹೊಡೆದರೆಂದು ಲ್ಯಾಬ್ ಹೇಳಲಾರದು. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 26100ನೇ ಕಲಂ ನೆರವಿಗೆ ಬರುವುದು ಇಲ್ಲಿಯೇ. ತನ್ನ ಗಾಡಿಯಿಂದ ಗುಂಡು ಹಾರಿಸಲು ತಿಳಿದೂ ಬಿಟ್ಟ ಚಾಲಕನೋ ಮಾಲೀಕನೋ ತಾನೇ ಟ್ರಿಗರ್ ಒತ್ತದಿದ್ದರೂ ಅಪರಾಧಿ, ಮೂರು ವರ್ಷದವರೆಗೆ ಶಿಕ್ಷೆ. ಸ್ಟೀರಿಂಗ್ ಹಿಂದೆ ಯಾರಿದ್ದರೆಂದು ಟೋಲ್ ಅಥವಾ ಅಂಗಡಿಯ ಕ್ಯಾಮೆರಾ ತೋರಿಸಬಲ್ಲದು. ಅದೇ ರಸ್ತೆಯಲ್ಲಿ ಯೂ ಟರ್ನ್ ಹೊಡೆದು ಎರಡನೇ ಸುತ್ತು ಬಂದದ್ದು, ಗುಂಪಿನ ಹತ್ತಿರ ವೇಗ ಇಳಿಸಿದ್ದು, ಅವನಿಗೆ ಗೊತ್ತಿತ್ತು ಎಂಬುದಕ್ಕೆ ಪುರಾವೆ. ಚಾಲಕ ಇಲ್ಲದೆ ಈ ಅಪರಾಧ ನಡೆಯುವುದೇ ಇಲ್ಲ. ಅವನನ್ನು ಬರೀ ಸಾಕ್ಷಿಯಾಗಿ ನಿಲ್ಲಿಸಿ ಮನೆಗೆ ಕಳಿಸುವುದು ಗುಂಡು ಹಾರಿದ ಬೀದಿಯವರಿಗೆ ಮಾಡುವ ದ್ರೋಹ. ಫ್ಲೋರಿಡಾ ತುಸು ಬೇರೆ ಹಾದಿ ಹಿಡಿದಿದೆ. ವಾಹನದಲ್ಲಿದ್ದವನು ಬೇಕೆಂದೇ ಯಾವುದೇ ವ್ಯಕ್ತಿಯ 1,000 ಅಡಿಯೊಳಗೆ ಗುಂಡು ಹಾರಿಸಿದರೆ ಎರಡನೇ ದರ್ಜೆಯ ಘೋರಾಪರಾಧ, ಹೊಡೆಯಲು ಹೇಳಿದ ಚಾಲಕನಿಗೆ ಮೂರನೇ ದರ್ಜೆಯದು.

ವಾಹನದಿಂದ ಹೊಡೆದು ಕೊಂದದ್ದಕ್ಕೆ ಕ್ಯಾಲಿಫೋರ್ನಿಯಾ ಮರಣದಂಡನೆ, ಪೆರೋಲ್ ಇಲ್ಲದ ಜೀವಾವಧಿ ಇವುಗಳನ್ನು ಗಂಟು ಹಾಕಿದ್ದು ಸರಿಯೇ ಎಂಬುದು ಬೇರೆ ಚರ್ಚೆ, ಅದನ್ನು ಇಲ್ಲಿ ಸಮರ್ಥಿಸುತ್ತಿಲ್ಲ. ಕೇಳುತ್ತಿರುವುದು ಕೆಳಗಿನ ಮೆಟ್ಟಿಲನ್ನು: ಗುಂಡು ಯಾರಿಗೂ ತಗಲದಿದ್ದಾಗಲೂ ಕೈಗೆ ಸಿಗುವ, ಹತ್ತು ವರ್ಷದ ತೂಕವಿರುವ ಒಂದು ಕಲಂ. ಭಾರತದ ಸ್ಥಿತಿ ನೋಡಿ. ಉದ್ದೇಶವಾಗಲಿ, ಸಾವು ಸಂಭವಿಸಬಹುದೆಂಬ ಅರಿವಾಗಲಿ ಸಾಬೀತಾಗದೆ ಭಾರತೀಯ ನ್ಯಾಯ ಸಂಹಿತೆಯ 109ನೇ ಸೆಕ್ಷನ್, ಅಂದರೆ ಕೊಲೆ ಯತ್ನ, ಬಿದ್ದುಹೋದರೆ ಆ ಸಂಹಿತೆಯಲ್ಲಿ ಕೆಳಗೆ ಸಿಗುವುದು 125. ಗಾಯವಾಗದಿದ್ದರೆ ಅದರಡಿ ಮೂರು ತಿಂಗಳು ಜೈಲು, ಇಲ್ಲವೇ 2,500 ರೂಪಾಯಿ ದಂಡ, ಅಥವಾ ಎರಡೂ. ಬೀದಿಗೆ ಐದು ಗುಂಡು ಹಾರಿಸಿದವನಿಗೆ ಇದೇನು ಶಿಕ್ಷೆ?

ವಿರೋಧ: ತೂಗಬೇಕಾದ್ದು ಮನಸ್ಸನ್ನು, ಕಾರನ್ನಲ್ಲ

ಜನರಿರುವ ಕಡೆ ಪರಿವೆಯಿಲ್ಲದೆ ಗುಂಡು ಹಾರಿಸುವುದು ಘೋರ ಅಪರಾಧವಾಗಬೇಕು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಅದಕ್ಕೆ ಗಾಲಿ ಜೋಡಿಸಿದ್ದಕ್ಕೆ.

ವಾಷಿಂಗ್ಟನ್‌ನ ಕಲಮಿನಲ್ಲಿರುವ ‘ವಾಹನದ ತೀರಾ ಹತ್ತಿರ’ ಎಂಬ ಮಾತನ್ನೇ ಹಿಡಿಯೋಣ. 2002ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ರಾಜರ್ಸ್ ಪ್ರಕರಣ ಬಂತು. ಕಾರನ್ನು ಎರಡು ಬ್ಲಾಕ್ ಆಚೆ ನಿಲ್ಲಿಸಿ ಗುಂಡು ಹಾರಿಸಿದ್ದರು. ಎರಡು ಬ್ಲಾಕ್ ದೂರ ‘ತೀರಾ ಹತ್ತಿರ’ ಆಗದು ಎಂದು ಕೋರ್ಟ್ ಆ ಕಲಮಿನಡಿಯ ಶಿಕ್ಷೆಯನ್ನು ರದ್ದು ಮಾಡಿತು. ಕಾನೂನಿನ ಪದ ನೋಡಿದರೆ ಕೋರ್ಟ್ ಹೇಳಿದ್ದು ಸರಿಯೇ, ಕೆಟ್ಟದ್ದು ಕಾನೂನು. ಏಕೆಂದರೆ ಅದೇ ರಾಜ್ಯದಲ್ಲಿ ಪರಿವೆಯಿಲ್ಲದೆ ಇತರರ ಜೀವಕ್ಕೆ ಅಪಾಯ ಒಡ್ಡುವ ಸಾಮಾನ್ಯ ಅಪರಾಧಕ್ಕೆ ಗರಿಷ್ಠ ಶಿಕ್ಷೆ 364 ದಿನ. ನಿರ್ದಿಷ್ಟ ವ್ಯಕ್ತಿಯ ಮೇಲಿನ ಉದ್ದೇಶ ಸಾಬೀತಾಗದ ಪ್ರಕರಣದಲ್ಲಿ, ಕಾರಿನ ಪಕ್ಕ ನಿಂತು ಹೊಡೆದರೆ ಹತ್ತು ವರ್ಷ, ಅದೇ ಗುಂಡನ್ನು ಎರಡು ಬ್ಲಾಕ್ ನಡೆದು ಬಂದು ಹೊಡೆದರೆ ಒಂದು ವರ್ಷಕ್ಕೂ ಒಂದು ದಿನ ಕಡಿಮೆ. ನಡೆದು ಬರುವಷ್ಟು ಹೊತ್ತು ಯೋಚಿಸಲು ಸಮಯ ಸಿಕ್ಕವನಿಗೇ ಕಡಿಮೆ ಶಿಕ್ಷೆ!

ಪರ ವಾದಿಸಿದವರು ‘ಮೇಲಿನ ಮೆಟ್ಟಿಲು ಬೇರೆ ಚರ್ಚೆ’ ಎಂದು ಬಿಟ್ಟುಬಿಟ್ಟರು. ಬಿಡಲಾಗದು. ಇಂಥ ಕಲಂ ಒಮ್ಮೆ ಬಂದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ನಮ್ಮ ಕಣ್ಣ ಮುಂದಿದೆ. ಅಲ್ಲಿ ಕೊಲ್ಲುವ ಉದ್ದೇಶವಿದ್ದು, ಪೂರ್ವಯೋಜನೆ ಇಲ್ಲದೆ ಕೊಂದರೆ ಸಾಮಾನ್ಯವಾಗಿ ಎರಡನೇ ದರ್ಜೆಯ ಕೊಲೆ, 15 ವರ್ಷದಿಂದ ಜೀವಾವಧಿ, ಅಂದರೆ ಕನಿಷ್ಠ 15 ವರ್ಷ ಒಳಗಿದ್ದ ಮೇಲಷ್ಟೇ ಪೆರೋಲ್ ಕೇಳಬಹುದಾದ ಜೀವಾವಧಿ. ಅದೇ ಉದ್ದೇಶದಿಂದ ವಾಹನದೊಳಗಿಂದ ಹೊರಗಿದ್ದವರ ಮೇಲೆ ಹಾರಿಸಿ ಕೊಂದರೆ, ಪೂರ್ವಯೋಜನೆಯ ಮಾತೇ ಬೇಡ, 189ನೇ ಕಲಂ ಪ್ರಕಾರ ನೇರವಾಗಿ ಮೊದಲ ದರ್ಜೆ. 1996ರ ಮಾರ್ಚ್‌ನಲ್ಲಿ ಮತದಾರರು 196ನೇ ಪ್ರಸ್ತಾವವನ್ನು ಒಪ್ಪಿದ ಮೇಲೆ ಇದು ‘ವಿಶೇಷ ಸನ್ನಿವೇಶ’ಗಳ ಪಟ್ಟಿಗೂ ಸೇರಿತು. ಆ ಪಟ್ಟಿಗೆ ಬಿದ್ದರೆ ಇರುವುದು ಎರಡೇ: ಮರಣದಂಡನೆ ಅಥವಾ ಪೆರೋಲ್ ಇಲ್ಲದ ಜೀವಾವಧಿ. ಫುಟ್‌ಪಾತ್ ಮೇಲೆ ನಿಂತು ಕೊಂದ ಹತ್ತೊಂಬತ್ತರ ಹುಡುಗ ಮುಂದೊಂದು ದಿನ ಪೆರೋಲ್ ಮಂಡಳಿಯ ಮುಂದೆ ಕೂರಬಹುದು. ಕಾರಿನ ಬಾಗಿಲು ತೆರೆಯದೆ ಕೂತಲ್ಲಿಂದಲೇ ಕೊಂದವನು ಸಾಯುವ ತನಕ ಒಳಗೆ. ಮನಸ್ಥಿತಿ ಒಂದೇ, ಸತ್ತವರ ಮನೆಯವರ ದುಃಖವೂ ಒಂದೇ. ವಾಷಿಂಗ್ಟನ್ ಕೂಡ 1995ರಲ್ಲಿ ವಾಹನದಿಂದ ಹೊಡೆದು ಮಾಡಿದ ಪೂರ್ವಯೋಜಿತ ಕೊಲೆಯನ್ನು ಅತಿ ಘೋರ ಕೊಲೆಗಳ ಪಟ್ಟಿಗೆ ಸೇರಿಸಿತು. ಅದನ್ನು ತೆಗೆಯುವ ಮಸೂದೆ 2022ರಲ್ಲಿ ಬಂದು ಅಂಗೀಕಾರವಾಗದೆ ಹೋಯಿತು. ಪಟ್ಟಿಗೆ ಸೇರಿಸುವುದು ಸುಲಭ, ತೆಗೆಯಲು ಯಾವ ಶಾಸಕನಿಗೂ ಧೈರ್ಯ ಸಾಲದು.

ಕೆಳಗಿನ ಮೆಟ್ಟಿಲಿಗೆ ಬರೋಣ. ಯಾರಿಗೂ ತಗಲದ ಗುಂಡಿಗೆ ಕಲಂ ಬೇಕೆಂದರು. ಕ್ಯಾಲಿಫೋರ್ನಿಯಾದಲ್ಲಿ 246.3ನೇ ಕಲಂ ಇದೆ: ಸಾವು ನೋವಿಗೆ ಕಾರಣವಾಗಬಹುದಾದ ರೀತಿಯಲ್ಲಿ ತೀರಾ ನಿರ್ಲಕ್ಷ್ಯದಿಂದ ಬಂದೂಕು ಹಾರಿಸುವುದು. ಛಾವಣಿಯಿಂದಲೋ ಅಂಗಳದಿಂದಲೋ ಕಾರಿನಿಂದಲೋ ಎಂದು ಅದು ಕೇಳುವುದಿಲ್ಲ. ಶಿಕ್ಷೆ ಒಂದು ವರ್ಷದವರೆಗಿನ ಕೌಂಟಿ (ಜಿಲ್ಲಾ) ಜೈಲು, ಇಲ್ಲವೇ ಮೂರು ವರ್ಷದವರೆಗೆ. ನಿರ್ದಿಷ್ಟ ಗುರಿಯಿಲ್ಲದೆ ವಾಹನದಿಂದ ಹೊಡೆದವನಿಗೆಂದೇ ಇರುವ 26100(ಡಿ)ಯಲ್ಲೂ ಶಿಕ್ಷೆಯ ಮಿತಿ ಅದೇ. ಪ್ರಾಸಿಕ್ಯೂಟರ್‌ಗೆ ಹೆಚ್ಚುವರಿಯಾಗಿ ಸಿಕ್ಕಿದ್ದೇನು? ವಾಹನದಿಂದಲೇ ಹಾರಿತೆಂದು ಸಾಬೀತು ಮಾಡುವ ಹೊರೆ, ಅದರ ಮೇಲೆ ದುರುದ್ದೇಶವನ್ನೂ ತೋರಿಸುವ ಹೊರೆ.

ಕಾರಿನಿಂದ ಹೊಡೆದವನಿಗೆ ಸಾಮಾನ್ಯ ಕಲಂಗಳೇ ಸಾಕಾದ ಒಂದು ಪ್ರಕರಣ ಹೆದ್ದಾರಿಯದು, ಅಲ್ಲಿಯವರ ಮಾತಲ್ಲಿ ಫ್ರೀವೇಯದು. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ 55ನೇ ಫ್ರೀವೇಯಲ್ಲಿ, ಚಾಲನೆಯ ಜಗಳಕ್ಕೆ ಒಂದು ಕಾರಿನಿಂದ ಇನ್ನೊಂದು ಕಾರಿಗೆ ಗುಂಡು ಹಾರಿ, ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕ ಸತ್ತ. ಆ ಸುದ್ದಿ ಓದಿದ ಯಾವ ತಂದೆತಾಯಿಗೂ ಅದು ಮರೆಯುವಂಥದ್ದಲ್ಲ. 2024ರಲ್ಲಿ ಹೊಡೆದವನಿಗೆ 40 ವರ್ಷದಿಂದ ಜೀವಾವಧಿ ಶಿಕ್ಷೆಯಾಯಿತು. ಎರಡನೇ ದರ್ಜೆಯ ಕೊಲೆಗೆ 15, ಬಂದೂಕು ಬಳಸಿ ಕೊಂದದ್ದಕ್ಕೆ ಹೆಚ್ಚುವರಿ 25. ಆ 25 ವರ್ಷ ಬಂದದ್ದು 12022.53ನೇ ಕಲಮಿನಿಂದ. ಅದು ಗಂಭೀರ ಅಪರಾಧದಲ್ಲಿ ಬಂದೂಕು ಬಳಸಿದ ಯಾರಿಗಾದರೂ ಅನ್ವಯಿಸುವಂಥದ್ದು. ಮಗು ಇದ್ದದ್ದು ಕಾರಿನಲ್ಲಿ, ಹಾಗಾಗಿ ಜನರಿರುವ ವಾಹನದ ಮೇಲೆ ಗುಂಡು ಹಾರಿಸುವುದನ್ನು ನಿಷೇಧಿಸುವ ಹಳೆಯ 246 ಕೂಡ ಸಾಕಾಯಿತು. ಆ ಕಲಂ ಗುಂಡು ಎಲ್ಲಿಗೆ ಹೋಯಿತು ಎಂದು ನೋಡುತ್ತದೆ, ಎಲ್ಲಿಂದ ಬಂತು ಎಂದಲ್ಲ. ಸತ್ತವರ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆಯೂ ಅದೇ.

ಚಾಲಕನ ವಿಷಯದಲ್ಲಿ ಪರ ವಾದಿಸಿದವರ ಮಾತಿಗೆ ತೂಕವಿದೆ. ಮುಚ್ಚಿದ ಕಾರಿನ ಕಣಗಳು ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ ಎಂಬುದೂ ನಿಜ. ಆದರೆ ಯೂ ಟರ್ನ್, ಇಳಿಸಿದ ವೇಗ, ಮೊದಲೇ ಹೋದ ಮೆಸೇಜು, ಇವೆಲ್ಲ ಕುಮ್ಮಕ್ಕು ಮತ್ತು ಸಮಾನ ಉದ್ದೇಶದ ಕಲಂಗಳಿಗೂ ಅಷ್ಟೇ ಒಳ್ಳೆಯ ಪುರಾವೆ. ನ್ಯಾಯ ಸಂಹಿತೆಯ 3(5) ಇರುವುದೇ ಇದಕ್ಕೆ. ಮಾಲೀಕನನ್ನೂ ಸೇರಿಸಿದರೆ ಒಂದು ಅಪಾಯವಿದೆ. ಹೆಂಡತಿಯ ಹೆಸರಲ್ಲಿರುವ ಕಾರು, ತಾಯಿಯ ಹೆಸರಲ್ಲಿರುವ ಬೈಕು. ‘ತಿಳಿದೂ ಬಿಟ್ಟ’ ಎಂಬ ಷರತ್ತು ಇದ್ದರೂ, ಹುಡುಗನನ್ನು ಬಾಯಿ ಬಿಡಿಸಲು ತಾಯಿಯನ್ನು ಠಾಣೆಯಲ್ಲಿ ಕೂರಿಸುವ ಪೊಲೀಸರಿಗೆ ಇಂಥ ಕಲಂ ಹೇಗೆ ಒದಗುತ್ತದೆಂದು ಕ್ರಿಮಿನಲ್ ವಕೀಲರಿಗೆ ವಿವರಿಸಬೇಕಿಲ್ಲ.

ಕರ್ನಾಟಕಕ್ಕೆ ಬಂದರೆ, 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದ ಮನೆ ಎದುರು ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಹಂತಕರು ಬೈಕಿನಲ್ಲಿ ಬಂದಿದ್ದರೆಂಬುದು ಎಸ್‌ಐಟಿಯ ಆರೋಪ. ಬೈಕು ಏರಿದ್ದಾಗ ಹೊಡೆದರೋ, ಇಳಿದು ಹೊಡೆದರೋ ಎಂಬುದರ ಮೇಲೆ ಅಪರಾಧದ ಗಾತ್ರ ನಿಂತರೆ ವಿಚಾರಣೆಯ ಅರ್ಧ ಆಯುಷ್ಯ ಆ ಜಗಳದಲ್ಲೇ ಮುಗಿಯುತ್ತಿತ್ತು. ತನಿಖೆ ಹಿಡಿದದ್ದು ಸಂಚನ್ನು. ಕೊಲೆಯ ಕಲಂ ಜೊತೆಗೆ 2000ದ ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಹಾಕಿದರು. ತಂಡ ಕಟ್ಟಿದವರು, ಮನೆ ಕೊಟ್ಟವರು, ಹೊಡೆದವರು ಎಲ್ಲರನ್ನೂ ಒಂದೇ ಆರೋಪಪಟ್ಟಿಗೆ ತರುವುದು ಅದರ ಬಲ.

125ರ ಮೂರು ತಿಂಗಳು ತೀರಾ ಕಡಿಮೆ, ಒಪ್ಪುವೆ. ಆದರೆ ಪರ ವಾದಿಸಿದವರು 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ 25(9)ನೇ ಉಪಕಲಮಿನ ಹೆಸರೆತ್ತಲಿಲ್ಲ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವವರಿಗೆಂದು ಅದು ಸುದ್ದಿಯಾಯಿತಾದರೂ, ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಬಂದೂಕು ಬಳಸುವುದೂ ಅದರೊಳಗೇ ಬರುತ್ತದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ತಿದ್ದಬೇಕಾದ್ದು ಅದನ್ನು. ನಿರ್ಲಕ್ಷ್ಯಕ್ಕೆ ಈಗಿರುವ ಎರಡು ವರ್ಷ ಇರಲಿ. ಅಪಾಯ ಗೊತ್ತಿದ್ದೂ ಜನರಿರುವ ಕಡೆ ಹಾರಿಸಿದ್ದರೆ ಏಳು ವರ್ಷ, ಗಾಯವಾದರೆ ಹತ್ತು ವರ್ಷದವರೆಗೆ ಎಂದು ಬೇರೆ ಬೇರೆ ಮೆಟ್ಟಿಲು ಮಾಡಲಿ. ಕಾರಿನ ಕಿಟಕಿಯೂ ಮದುವೆ ಚಪ್ಪರವೂ ಮೂರನೇ ಮಹಡಿಯ ಬಾಲ್ಕನಿಯೂ ಅದೇ ಒಂದು ಉಪಕಲಮಿನೊಳಗೆ ಬರುತ್ತವೆ.