ಲಂಡನ್ ಹುಡುಗನಿಗೆ ಗದ್ದೆ, ಲಂಡನ್ ಹುಡುಗಿಗೆ ತಾಳಿ

ನಮ್ಮ ಪಕ್ಕದ ಮನೆಯಲ್ಲಿ ಒಂದು ಬಂಗಾಳಿ ಸಂಸಾರ ಇದೆ. ಆ ಮನೆಯಾಕೆಯನ್ನು ನಾನು ಬೌದಿ ಅಂತಲೇ ಕರೆಯುತ್ತೇನೆ. ಅವರ ಕಡೆ ಅತ್ತಿಗೆಗೆ ಹಾಗೆ ಅನ್ನುತ್ತಾರೆ. ಹೋದ ಭಾನುವಾರ ಲೂಚಿ, ಆಲೂರ್ ದಮ್ ಮಾಡಿ ಊಟಕ್ಕೆ ಕರೆದಿದ್ದರು. ತಿಂದು ಕೈ ತೊಳೆದ ಮೇಲೆ ತಮಗೆ ತುಂಬಾ ಇಷ್ಟವಾದ ಒಂದು ಹಳೆ ಸಿನಿಮಾ ಹಾಕಿದರು. 2009ರ ‘ಪರಾಣ್ ಜಾಯ್ ಜೋಲಿಯಾ ರೇ’. ಪ್ರಾಣ ಉರಿದು ಹೋಗ್ತಿದೆಯಲ್ಲೋ ಅಂತ ಅರ್ಥ. ದೇವ್, ಶುಭಶ್ರೀ ಜೋಡಿ. ರವಿ ಕಿನಗಿ ನಿರ್ದೇಶನ. ಜೀತ್ ಗಂಗೂಲಿಯವರ ಹಾಡುಗಳಿಗೆ ಬೌದಿ ಕೂತಲ್ಲೇ ತಲೆ ಆಡಿಸುತ್ತಿದ್ದರು.

ಕತೆ ನಿಮಗೆ ಗೊತ್ತಿರುತ್ತದೆ. 2007ರ ಹಿಂದಿಯ ‘ನಮಸ್ತೇ ಲಂಡನ್’ನ ಬಂಗಾಳಿ ರೂಪ ಇದು. ಲಂಡನ್ನಿನಲ್ಲಿ ಬೆಳೆದ ಹುಡುಗಿ. ಅವಳಿಗೊಬ್ಬ ಇಂಗ್ಲಿಷ್ ಗೆಳೆಯ. ಅಪ್ಪ ಊರು ತೋರಿಸುತ್ತೇನೆ ಅಂತ ಕರೆದುಕೊಂಡು ಬಂದು ಹಳ್ಳಿ ಹುಡುಗನಿಗೆ ಕೊಟ್ಟು ಮದುವೆ ಮಾಡಿಬಿಡುತ್ತಾನೆ. ಲಂಡನ್ನಿಗೆ ವಾಪಸ್ ಹೋದ ಮೇಲೆ ಅವಳು ಈ ಮದುವೆ ಒಪ್ಪೋದಿಲ್ಲ ಅನ್ನುತ್ತಾಳೆ. ಹುಡುಗ ಕೋಪ ಮಾಡಿಕೊಳ್ಳದೆ ಕಾಯುತ್ತಾನೆ. ಕೊನೆಗೆ ಅವಳ ಮನಸ್ಸು ಕರಗುತ್ತದೆ.

ದೇವ್ ನನಗೂ ಇಷ್ಟವಾದರು. ಪಶ್ಚಿಮ ಮೇದಿನಿಪುರದ ಹಳ್ಳಿ ಮೂಲದವರು, ಆಮೇಲೆ 2014ರಲ್ಲಿ ಘಾಟಾಲ್‌ನಿಂದ ಸಂಸದರಾದರು. ಆ ಮುಗ್ಧ ಹಳ್ಳಿ ಹುಡುಗನ ಪಾತ್ರ ಅವರಿಗೆ ಸರಿಯಾಗಿ ಒಪ್ಪುತ್ತದೆ. ಕೊನೆಯಲ್ಲಿ ಬೌದಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ಹೊಟ್ಟೆಯೊಳಗೆ ಏನೋ ಸಂಕಟ. ಮನೆಗೆ ಬಂದ ಮೇಲೂ ಹೋಗಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ಇದೇ ನಿರ್ದೇಶಕರು, ಇದೇ ದೇವ್ ಎರಡು ವರ್ಷ ಮೊದಲು, 2007ರಲ್ಲಿ, ‘ಐ ಲವ್ ಯೂ’ ಅಂತ ಇನ್ನೊಂದು ಸಿನಿಮಾ ಮಾಡಿದ್ದರು. ತೆಲುಗಿನ ‘ನುವ್ವೊಸ್ತಾನಂಟೆ ನೇನೊದ್ದಂಟಾನಾ’ದ ರೀಮೇಕ್. ನಮ್ಮಲ್ಲೂ ಅದು ‘ನೀನೆಲ್ಲೋ ನಾನಲ್ಲೆ’ ಅಂತ ಬಂದಿತ್ತು, ವಿಷ್ಣುವರ್ಧನ್ ಅಣ್ಣನ ಪಾತ್ರದಲ್ಲಿದ್ದರು. ತೆಲುಗಿನ ಮೂಲ ಕತೆಯಲ್ಲಿ ಲಂಡನ್ನಿನಲ್ಲಿ ಬೆಳೆದಿರುವವನು ಹುಡುಗ. ಹಳ್ಳಿ ಹುಡುಗಿಯನ್ನು ಇಷ್ಟಪಟ್ಟು ಅವಳ ಊರಿಗೇ ಬರುತ್ತಾನೆ. ಅವಳ ಅಣ್ಣ ಏನು ಮಾಡುತ್ತಾನೆ? ಒಂದು ಪಂದ್ಯ ಕಟ್ಟುತ್ತಾನೆ. ತಗೋ ಜಮೀನು, ನನಗಿಂತ ಜಾಸ್ತಿ ಬೆಳೆದು ತೋರಿಸು ಅನ್ನುತ್ತಾನೆ. ಹುಡುಗ ಸಗಣಿ ಬಾಚುತ್ತಾನೆ, ಕೈ ಬೊಬ್ಬೆ ಎಬ್ಬಿಸಿಕೊಳ್ಳುತ್ತಾನೆ, ಗೆಲ್ಲುತ್ತಾನೆ. ಬೇಕು ಅಂತ ಬಂದವನು ಅವನೇ. ಬೇಡ ಅನ್ನಿಸಿದ್ದರೆ ಮಾರನೇ ದಿನ ವಿಮಾನ ಹತ್ತಬಹುದಿತ್ತು.

ಹುಡುಗಿ ಲಂಡನ್ನಿನವಳಾದ ಕೂಡಲೇ ಕತೆ ತಿರುಗಿಬಿಡುತ್ತದೆ. ಅವಳಿಗೆ ಪಂದ್ಯ ಇಲ್ಲ. ಮೊದಲು ಮದುವೆ, ಪ್ರೀತಿ ಆಮೇಲೆ. ಹುಡುಗ ಒಳ್ಳೆಯವನಾಗಿಬಿಟ್ಟರೆ ಮೊದಲು ನಡೆದದ್ದೆಲ್ಲ ಮಾಫಿ. ನನಗೆ ಇದನ್ನು ನುಂಗಲು ಆಗುತ್ತಿಲ್ಲ. ಹುಡುಗ ಎಷ್ಟು ಒಳ್ಳೆಯವನು ಅನ್ನೋದು ಅವಳನ್ನು ಕೇಳದೆ ಮಾಡಿದ ಮದುವೆಗೆ ಉತ್ತರ ಹೇಗಾಗುತ್ತದೆ?

ಈ ಕತೆ ಹೊಸದೂ ಅಲ್ಲ. 1970ರಲ್ಲೇ ಮನೋಜ್ ಕುಮಾರ್ ‘ಪೂರಬ್ ಔರ್ ಪಶ್ಚಿಮ್’ ಮಾಡಿದ್ದರು. ಸಾಯಿರಾ ಬಾನು ಹೊಂಬಣ್ಣದ ಕೂದಲು, ಕೈಯಲ್ಲಿ ಸಿಗರೇಟು ಹಿಡಿದು ಬರುತ್ತಾರೆ, ಕೊನೆಗೆ ಸೀರೆ ಉಟ್ಟು ನಿಲ್ಲುತ್ತಾರೆ. ‘ನಮಸ್ತೇ ಲಂಡನ್’ನಲ್ಲಿ ಆ ಸಿನಿಮಾದ ಹೆಸರನ್ನೇ ಎತ್ತುತ್ತಾರೆ. ಎಲ್ಲರೂ ಚಪ್ಪಾಳೆ ಹೊಡೆಯುವ ಆ ದೃಶ್ಯ ನೆನಪಿದೆಯಾ? ಅಕ್ಷಯ್ ಕುಮಾರ್ ಹಿಂದಿಯಲ್ಲಿ ನಮ್ಮ ದೇಶದ ಬಗ್ಗೆ ಭಾಷಣ ಮಾಡುತ್ತಾರೆ, ಕತ್ರಿನಾ ಕೈಫ್ ಅದನ್ನು ಇಂಗ್ಲಿಷಿಗೆ ಹೇಳುತ್ತಾ ಹೋಗುತ್ತಾರೆ. ನಾನೂ ಆಗ ಚಪ್ಪಾಳೆ ಹೊಡೆದಿದ್ದೆ. ಈಗ ನೋಡಿದರೆ, ಮಾತು ಪೂರ್ತಿ ಅವನದು. ಅವಳದು ಬರೀ ಬಾಯಿ.

ಸಿನಿಮಾ ಅಲ್ವಾ, ಸುಮ್ನೆ ನಕ್ಕು ಬಿಟ್ಟುಬಿಡಿ ಅಂತ ಕೆಲವರು ಹೇಳಬಹುದು. ಆದರೆ ಅದೇ ಕಾಲದಲ್ಲಿ ನಿಜವಾಗಿ ನಡೆದದ್ದು ಕೇಳಿ. 2008ರಲ್ಲಿ ಲಂಡನ್ನಿನಲ್ಲಿದ್ದ ಬಾಂಗ್ಲಾದೇಶದ ಒಬ್ಬ ಡಾಕ್ಟರ್‌ಗೆ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು. ಢಾಕಾಗೆ ಹೋದರು. ಹೆತ್ತವರೇ ತಿಂಗಳುಗಟ್ಟಲೆ ಕೂಡಿ ಹಾಕಿ, ಬಲವಂತವಾಗಿ ಮದುವೆ ಮಾಡಿದರು. ಕೊನೆಗೆ ಡಿಸೆಂಬರಿನಲ್ಲಿ ಢಾಕಾದ ಹೈಕೋರ್ಟ್ ಅವರನ್ನು ಬಿಡಿಸಿತು. ಬಲವಂತದ ಮದುವೆ ತಡೆಯಲು ಬ್ರಿಟನ್ 2007ರಲ್ಲೇ ಕಾನೂನು ತಂದಿತ್ತು. ಲಂಡನ್ನಿನ ಕೋರ್ಟೂ ಅದರ ಅಡಿಯಲ್ಲಿ ಇವರ ಪರವಾಗಿ ಆದೇಶ ಕೊಟ್ಟಿತ್ತು. ಬಂಗಾಳಿ ಮಾತಾಡುವ ಹೆಣ್ಣುಮಗಳು, ಅದೇ ಲಂಡನ್. ಮಾರನೇ ವರ್ಷವೇ ಥಿಯೇಟರಿನಲ್ಲಿ ಈ ಕಾಮಿಡಿ.

2013ರಲ್ಲಿ ಓದಿದ ಒಂದು ಸುದ್ದಿ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಬ್ರಿಟನ್ನಿನ ಕರ್ಮ ನಿರ್ವಾಣ ಅನ್ನುವ ಸಂಸ್ಥೆ ಇಂಥ ಹುಡುಗಿಯರಿಗೆ ಒಂದು ಉಪಾಯ ಹೇಳಿಕೊಡುತ್ತಿತ್ತು. ಬಲವಂತವಾಗಿ ವಿಮಾನ ಹತ್ತಿಸಲು ಕರೆದೊಯ್ಯುತ್ತಿದ್ದರೆ ಒಳ ಉಡುಪಿನಲ್ಲಿ ಒಂದು ಚಮಚ ಇಟ್ಟುಕೋ. ಏರ್‌ಪೋರ್ಟಿನ ಯಂತ್ರ ಕೂಗುತ್ತದೆ. ತಪಾಸಣೆಗೆ ಅಂತ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ. ಮನೆಯವರು ಜೊತೆಗೆ ಇರದ ಆ ಐದು ನಿಮಿಷದಲ್ಲಿ ಬಾಯಿಬಿಟ್ಟು ಹೇಳು. ಒಂದು ಚಮಚ! ಊಟದ ತಟ್ಟೆ ಪಕ್ಕ ಇಡುವ ಚಮಚ. 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಲವಂತದ ಮದುವೆ ಜೈಲಿಗೆ ಹಾಕುವಂಥ ಅಪರಾಧವೇ ಆಯಿತು.

ಮನೆಯವರು ಹುಡುಕಿದ ಮದುವೆಗಳೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ನನ್ನದೂ ಮನೆಯವರೇ ನೋಡಿ ಮಾಡಿದ ಮದುವೆ. ನನ್ನನ್ನು ಕೇಳಿದ್ದರು, ನಾನು ಹೂಂ ಅಂದಿದ್ದೆ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವಳು. ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಹಾಸನದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಅವರೆಕಾಯಿ ಕಾಲ. ಎಲ್ಲರೂ ನಡುಮನೆಯಲ್ಲಿ ಕೂತು ನೆನೆಸಿದ ಕಾಳು ಹಿತುಕುತ್ತಿದ್ದೆವು. ಇವಳಿಗೆ ಅಭ್ಯಾಸ ಇಲ್ಲ. ಕಾಳು ಬೆರಳಿನಿಂದ ಜಾರಿ ಗೋಡೆವರೆಗೆ ಹಾರುತ್ತಿತ್ತು, ಅವಳಿಗೆ ನಗುವೋ ನಗು. ಅಷ್ಟರಲ್ಲಿ ನಮ್ಮ ಸೋದರತ್ತೆ ‘ಹೆಂಗೂ ಬಂದವ್ಳೆ, ಒಂದು ಕಡೆ ತೋರಿಸಿಬಿಡೋಣ, ಹುಡುಗ ಎಂಜಿನಿಯರು’ ಅಂದರು. ಕನ್ನಡ ಅವಳಿಗೆ ಚೆನ್ನಾಗೇ ಅರ್ಥವಾಗುತ್ತದೆ. ನಗು ನಿಂತುಹೋಯಿತು. ಆಮೇಲೆ ಊರಲ್ಲಿ ಇದ್ದಷ್ಟು ದಿನ ಒಂದು ಸಣ್ಣ ಬ್ಯಾಗನ್ನು ಹೆಗಲಿಂದ ಇಳಿಸಲಿಲ್ಲ. ಹಿತ್ತಲಿಗೆ ಹೋದರೂ ಹೆಗಲಲ್ಲಿ. ಅದರೊಳಗೆ ಅವಳ ಪಾಸ್‌ಪೋರ್ಟ್ ಇತ್ತು. ಅವಳಿಗೆ ಯಾರೂ ಏನೂ ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅವಳಿಗೆ ಹೇಗೆ ಗೊತ್ತಾಗಬೇಕು?

ಬೌದಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆ ಸಿನಿಮಾದಲ್ಲಿ ಹುಡುಗಿಯ ಅಮ್ಮ ಏನು ಅಂದ್ಕೊಂಡಿರ್ತಾಳೋ, ನಾನು ಯೋಚನೆನೇ ಮಾಡಿರ್ಲಿಲ್ಲ’ ಅಂದರು.

ಹೋದ ವರ್ಷ ಅಕ್ಕನ ಮಗಳು ಮತ್ತೆ ಬಂದಿದ್ದಳು. ರಾತ್ರಿ ನನ್ನ ಅಮ್ಮ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, ದೀಪ ಆರಿಸಿದ ಮೇಲೆ ಕೇಳಿದರು, ‘ನಿಂಗೆ ಯಾರಾದ್ರೂ ಇಷ್ಟ ಆಗವ್ರೇನೇ ಮಗ?’ ನಾನು ಆಚೆ ಮಂಚದಲ್ಲಿ ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿದಳು. ಎಲ್ಲ ಕೇಳಿಸಿಕೊಂಡು ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು.

‘ಅವ್ನು ಅನ್ನ ತಿಂತಾನಾ?’

‘ತಿಂತಾನೆ ಅಜ್ಜಿ. ಸಾರು ಮಾತ್ರ ಖಾರ ಅಂತಾನೆ.’