ಮಾತನಾಡಿಸಿ ಬರುವುದು

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಹಾಸನದ ಕಡೆ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಹೋದವರು ಹೆಚ್ಚು ಮಾತನಾಡುವುದೇನೂ ಇಲ್ಲ. ಜಗಲಿಯ ಮೇಲೆ ಅರ್ಧ ಗಂಟೆ ಕೂರುತ್ತಾರೆ, ಎಷ್ಟು ದಿನದಿಂದ ಹುಷಾರಿರಲಿಲ್ಲ ಎಂದು ಕೇಳುತ್ತಾರೆ, ‘ಬರುತ್ತೇನೆ’ ಎಂದು ಹೇಳದೆ ಎದ್ದು ಹೋಗುತ್ತಾರೆ. ಸ್ಟಾಕ್‌ಹೋಮಿಗೆ ಬಂದು ಹನ್ನೊಂದು ವರ್ಷವಾದ ಮೇಲೆ ಈ ಮಾತು ಮತ್ತೆ ನೆನಪಾದದ್ದು ಇಲ್ಲಿನ ನಿರ್ದೇಶಕ ರಾಯ್ ಆಂಡರ್ಸನ್ನರ ‘ಎರಡನೆಯ ಮಹಡಿಯ ಹಾಡುಗಳು’ ಚಿತ್ರವನ್ನು ನೋಡುವಾಗ.

2000ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆದ ಚಿತ್ರವಿದು. ಕತೆಯೆಂದು ಹೇಳಿಬಿಡುವಂಥದ್ದು ಕಡಿಮೆ. 46 ದೃಶ್ಯಗಳು, ಒಂದೇ ಒಂದು ಕಡೆ ಬಿಟ್ಟರೆ ಕ್ಯಾಮೆರಾ ಕದಲುವುದಿಲ್ಲ. ಮಾಸಲು ಗೋಡೆಗಳ ನಡುವೆ, ಸುಣ್ಣ ಬಳಿದಂತೆ ಬಿಳಿಚಿದ ಮುಖಗಳು. ಊರಿನ ವಾಹನಗಳೆಲ್ಲ ಒಂದೇ ದಿಕ್ಕಿಗೆ ಹೊರಟು ನಿಂತಲ್ಲೇ ನಿಂತಿವೆ. ವಿಮೆಯ ಹಣಕ್ಕಾಗಿ ತನ್ನ ಪೀಠೋಪಕರಣಗಳ ಅಂಗಡಿಗೆ ತಾನೇ ಬೆಂಕಿಯಿಟ್ಟ ಕಲ್ಲೆ ಎಂಬಾತ ಮೈಯೆಲ್ಲ ಮಸಿ ಮಾಡಿಕೊಂಡು ರೈಲಿನಲ್ಲಿ ನಿಂತಿದ್ದಾನೆ. ಚಿತ್ರ ತಯಾರಾಗುವುದಕ್ಕೆ ಕೆಲವೇ ವರ್ಷಗಳ ಹಿಂದೆ, 1992ರ ಸೆಪ್ಟೆಂಬರಿನಲ್ಲಿ, ಇಲ್ಲಿನ ಕೇಂದ್ರ ಬ್ಯಾಂಕು ನಾಣ್ಯದ ಬೆಲೆಯನ್ನು ಉಳಿಸಿಕೊಳ್ಳಲು ಬಡ್ಡಿ ದರವನ್ನು ಶೇ 500ಕ್ಕೆ ಏರಿಸಿತ್ತು. ಸರ್ಕಾರ ಕೈಬಿಡುವುದಿಲ್ಲ ಎಂದು ನಂಬಿದ್ದ ಜನರ ಕಾಲ ಕೆಳಗಿನ ನೆಲ ಅಲುಗಾಡಿದ ಕಾಲ ಅದು. ಚಿತ್ರದ ಅಸಂಗತಗಳ ಅಡಿಯಲ್ಲಿ ಆ ದಿಗಿಲು ಇದೆ.

ಒಂದು ದೃಶ್ಯ ನನ್ನನ್ನು ಬಿಟ್ಟಿಲ್ಲ. ಕೆಲಸ ಕಳೆದುಕೊಂಡ ನೌಕರನೊಬ್ಬ ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ಮೇಲಧಿಕಾರಿಯ ಕಾಲನ್ನು ತಬ್ಬಿ ಹಿಡಿದಿದ್ದಾನೆ. ಅಧಿಕಾರಿ ಕಾಲು ಕೊಡವುತ್ತಾ ಹೆಜ್ಜೆ ಹಾಕಿದರೆ ಇವನು ನೆಲದ ಮೇಲೆ ಎಳೆಸಿಕೊಂಡು ಹೋಗುತ್ತಾನೆ, ಎಷ್ಟು ವರ್ಷದಿಂದ ಇಲ್ಲಿ ದುಡಿದೆ ಎಂದು ಗೋಗರೆಯುತ್ತಾನೆ. ಎರಡೂ ಬದಿಯ ಬಾಗಿಲುಗಳು ಬೆರಳಗಲ ತೆರೆದುಕೊಂಡಿವೆ. ಪ್ರತಿ ಸಂದಿಯಲ್ಲೂ ಒಂದು ಮುಖ. ಯಾರೂ ಹೊರಗೆ ಬರುವುದಿಲ್ಲ.

ಚಿತ್ರ ನೋಡಿದ ಬೆಂಗಳೂರಿನ ಗೆಳೆಯನೊಬ್ಬ, ‘ಅಲ್ಲಿನ ಜನಕ್ಕೆ ಕರುಳೇ ಇಲ್ಲ’ ಎಂದ. ಒಪ್ಪಲಾರೆ. ಆ ಬಾಗಿಲುಗಳನ್ನು ಕಂಡು ಸಂಕಟಪಟ್ಟ ನಿರ್ದೇಶಕನೂ ಗೋಥೆನ್‌ಬರ್ಗಿನಲ್ಲಿ ಹುಟ್ಟಿದ ಸ್ವೀಡಿಷ್ ಮನುಷ್ಯನೇ. ಹೆದ್ದಾರಿಯಲ್ಲಿ ಬಿದ್ದವನ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವ ಗುಂಪನ್ನು ನಾನು ನಮ್ಮಲ್ಲೇ ಕಂಡಿದ್ದೇನೆ. ಆದರೂ ವ್ಯತ್ಯಾಸವೊಂದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮೂರಿನಲ್ಲಿ ಹೆಣ ಎತ್ತುವವರೆಗೆ ಬೀದಿಯ ಒಲೆ ಹೊತ್ತುವುದಿಲ್ಲ. ಆಮೇಲೆ ಆ ಮನೆಗೆ ಅನ್ನ ಹೋಗುವುದು ನೆರೆಮನೆಯಿಂದ. ದುಃಖದ ಮನೆಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ಇಲ್ಲಿ ಕರೆಯದೆ ಹೋಗದಿರುವುದೇ ಮರ್ಯಾದೆ. ಅಳುವವರನ್ನು ಅವರ ಪಾಡಿಗೆ ಬಿಡುವುದನ್ನು ಇವರು ಗೌರವವೆಂದೇ ತಿಳಿದಿದ್ದಾರೆ, ಅದು ನಟನೆಯಲ್ಲ.

ಕಲ್ಲೆಯ ಹಿಂದೆ ಸ್ವೆನ್ ಎಂಬ ಸತ್ತ ಗೆಳೆಯ ಬರುತ್ತಾನೆ. ಕಲ್ಲೆ ಅವನಿಗೆ ಸಾಲ ಕೊಡಬೇಕಿತ್ತು, ತೀರಿಸಿರಲಿಲ್ಲ. ಈಗ ಹೋದಲ್ಲೆಲ್ಲ ಹಿಂದೆಯೇ ಹೆಜ್ಜೆ. ನನಗೆ ‘ಋಣ’ ಎಂಬ ಪದದ ಭಾರ ತಿಳಿದದ್ದು ಆಗ. ಪಿತೃಪಕ್ಷದಲ್ಲಿ ಅಮ್ಮ ಎಡೆಯಿಟ್ಟು ಕಾಗೆಗಾಗಿ ಕಾಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಕಲ್ಲೆಗೆ ಎಡೆಯಿಡಲು ಎಲೆಯೂ ಇಲ್ಲ, ದಿನವೂ ಗೊತ್ತಿಲ್ಲ. ಇಲ್ಲಿಯೂ ನವೆಂಬರ್ ಆರಂಭದ ಸರ್ವಸಂತರ ದಿನದಂದು ನಗರದ ದಕ್ಷಿಣದ ಸ್ಕೂಗ್‌ಶೂರ್ಕೊಗೋರ್ಡನ್ ಸ್ಮಶಾನದಲ್ಲಿ ಪೈನ್ ಮರಗಳ ಕೆಳಗೆ ಸಾವಿರಾರು ದೀಪಗಳು ಉರಿಯುತ್ತವೆ. ಕತ್ತಲಲ್ಲಿ ಜನ ಬರುತ್ತಾರೆ, ದೀಪ ಹಚ್ಚುತ್ತಾರೆ, ಸದ್ದಿಲ್ಲದೆ ಹಿಂದಿರುಗುತ್ತಾರೆ. ಅದನ್ನು ಕಂಡವರು ಇವರಿಗೆ ಕರುಳಿಲ್ಲ ಎನ್ನಲಾರರು.

ಚಿತ್ರವನ್ನು ಪೆರುವಿನ ಕವಿ ಸೀಸರ್ ವಯೆಹೋಗೆ ಅರ್ಪಿಸಲಾಗಿದೆ. ಕಲ್ಲೆಯ ಒಬ್ಬ ಮಗ ಮನೋರೋಗಿಗಳ ಆಸ್ಪತ್ರೆಯಲ್ಲಿ ಬಾಯಿಬಿಡದೆ ಕುಳಿತಿದ್ದಾನೆ. ಇನ್ನೊಬ್ಬ ಮಗ ಅವನ ಬಳಿ ಹೋಗಿ ಆ ಕವಿಯ ಸಾಲುಗಳನ್ನು ಹೇಳುತ್ತಾನೆ: ಕೂರುವವನು ಪ್ರೀತಿಪಾತ್ರನಾಗಲಿ. ಇಡೀ ಚಿತ್ರದಲ್ಲಿ ಮಾತನಾಡಿಸಲು ಹೋದವನೆಂದು ನನಗೆ ಕಂಡದ್ದು ಅವನೊಬ್ಬನೇ.

ಇದನ್ನೆಲ್ಲ ಬರೆಯಲು ಕಾರಣವಿದೆ. ಕಳೆದ ಚಳಿಗಾಲದಲ್ಲಿ ನಮ್ಮ ವಠಾರದ ಅಂಗಳದ ಧ್ವಜ ಅರ್ಧಕ್ಕೆ ಇಳಿದಿತ್ತು. ನೆರೆಯಲ್ಲಿ ಯಾರಾದರೂ ತೀರಿಕೊಂಡರೆ ಇಲ್ಲಿ ಹಾಗೆ ಮಾಡುತ್ತಾರೆ. ಯಾರೆಂದು ಎರಡು ದಿನದ ಮೇಲೆ ತಿಳಿಯಿತು: ಕೆಳಮನೆಯ ಮುದುಕರು. ಎಷ್ಟೋ ಬೆಳಿಗ್ಗೆ ಒಟ್ಟಿಗೆ ಹಿಮ ಸರಿಸಿದ್ದೆವು. ಹೋಗಬೇಕೆಂದುಕೊಂಡೆ. ಕೇಳದೆ ಹೋದರೆ ಅವರ ಹೆಂಡತಿಗೆ ಕಸಿವಿಸಿಯಾದೀತು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹೋಗಲಿಲ್ಲ. ಅಂತ್ಯಕ್ರಿಯೆ ಮೂರು ವಾರದ ಮೇಲೆ ನಡೆಯಿತು, ಅದಕ್ಕೂ ಹೋಗಲಿಲ್ಲ. ಮೆಟ್ಟಿಲಲ್ಲಿ ಆಕೆಯ ಹೆಜ್ಜೆಯ ಸದ್ದು ಕೇಳಿದರೆ, ಅದು ಮರೆಯಾಗುವವರೆಗೆ ನಾನು ಬಾಗಿಲ ಹಿಂದೆಯೇ ನಿಲ್ಲುತ್ತಿದ್ದೆ.

ಚಿತ್ರ ನೋಡಿದ ಮರುದಿನ ಒಂದು ಚೀಲ ಕಿತ್ತಳೆ ಹಿಡಿದು ಇಳಿದು ಹೋದೆ. ಬಾಗಿಲ ಮೇಲಿನ ಅಂಚೆಕಂಡಿಯಲ್ಲಿ ಇಬ್ಬರ ಹೆಸರೂ ಹಾಗೆಯೇ ಇತ್ತು. ಗಂಟೆ ಒತ್ತಿದೆ. ಹತ್ತು ತಿಂಗಳು ತಡವಾಗಿ ಬಂದಿದ್ದೇನೆ ಎಂದೆ. ಆಕೆ ಕಾಫಿ ಇಟ್ಟರು. ಎಷ್ಟು ದಿನದಿಂದ ಹುಷಾರಿರಲಿಲ್ಲ ಎಂದು ಕೇಳಿದೆ.