ಪೆನ್‌ಡ್ರೈವ್‌ನ ಮೇಲಿನ ಮುದ್ರೆಯೊಂದೇ ಸಾಲದು

ತಂತ್ರಾಂಶವಿರುವ ಪೆನ್‌ಡ್ರೈವ್‌ನ ಮೇಲೆ ತಯಾರಕರ ಹೆಸರು ಮತ್ತು ಸಂಖ್ಯೆ ಸ್ಪಷ್ಟವಾಗಿ ಮುದ್ರಿತವಾಗಿದ್ದರೆ ಗ್ರಾಹಕರು ಅದನ್ನು ನಿಶ್ಚಿಂತೆಯಿಂದ ಬಳಸಬಹುದು ಎಂಬ ಲೇಖಕರೊಬ್ಬರ ಅಭಿಪ್ರಾಯವನ್ನು ನಾನು ಒಪ್ಪಲಾರೆ. 2017ರಲ್ಲಿ ಐಬಿಎಂ ತನ್ನ ಸ್ಟೋರ್‌ವೈಸ್ ದತ್ತಾಂಶ ಸಂಗ್ರಹ ಯಂತ್ರಗಳೊಂದಿಗೆ ಕಳುಹಿಸಿದ ಕೆಲವು ಪೆನ್‌ಡ್ರೈವ್‌ಗಳಲ್ಲಿ ಕುತಂತ್ರಾಂಶವಿದ್ದ ಕಡತವೊಂದು ಸೇರಿಕೊಂಡಿತ್ತು. ಅವುಗಳ ಮೇಲೆ 01ಎಸಿ585 ಎಂಬ ಸಂಖ್ಯೆ ಇದ್ದೇ ಇತ್ತು. ಯಂತ್ರವನ್ನು ಮೊದಲ ಬಾರಿಗೆ ಸಜ್ಜುಗೊಳಿಸುವ ತಂತ್ರಾಂಶವನ್ನು ಚಾಲನೆ ಮಾಡಿದಾಗ ಆ ಕಡತವೂ ಕಂಪ್ಯೂಟರಿನ ತಾತ್ಕಾಲಿಕ ಫೋಲ್ಡರಿಗೆ ನಕಲಾಗುತ್ತಿತ್ತು, ಆದರೆ ತಾನಾಗಿಯೇ ಚಾಲನೆಗೊಳ್ಳುತ್ತಿರಲಿಲ್ಲ ಎಂಬುದಷ್ಟೇ ಸಮಾಧಾನ. ಡ್ರೈವ್‌ಗಳನ್ನು ನಾಶಪಡಿಸುವುದು ಐಬಿಎಂ ಗ್ರಾಹಕರಿಗೆ ಸೂಚಿಸಿದ ಪರಿಹಾರಗಳಲ್ಲೊಂದಾಗಿತ್ತು. ಸೋಂಕಿತ ಡ್ರೈವ್ ಯಾವುದೆಂದು ಗುರುತಿಸಲು ಆ ಸಂಖ್ಯೆ ನೆರವಾಯಿತು ಎಂಬುದು ನಿಜ, ಆದ್ದರಿಂದ ಮುದ್ರೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಒಳಗಿರುವ ಕಡತಗಳ ಶುದ್ಧತೆಗೆ ಅದು ಸಾಕ್ಷಿಯಾಗಲಾರದು.

ಮರುವರ್ಷ ಷ್ನೈಡರ್ ಎಲೆಕ್ಟ್ರಿಕ್ ಸಂಸ್ಥೆಯ ಸೌರವಿದ್ಯುತ್ ಉಪಕರಣಗಳೊಂದಿಗೆ ಹೋದ ಪೆನ್‌ಡ್ರೈವ್‌ಗಳಿಗೆ ಪೂರೈಕೆದಾರರ ಘಟಕದಲ್ಲಿ, ತಯಾರಿಕೆಯ ಹಂತದಲ್ಲಿಯೇ ಸೋಂಕು ತಗುಲಿತ್ತು. ಹೀಗಿರುವಾಗ ಪ್ರತಿ ಕಡತಕ್ಕೂ ಡಿಜಿಟಲ್ ಸಹಿ, ಅಂದರೆ ಅದು ಕಂಪನಿಯದೇ, ತಿದ್ದಲ್ಪಟ್ಟಿಲ್ಲ ಎಂದು ಪರೀಕ್ಷಿಸಲು ನೆರವಾಗುವ ಗುರುತು ಇರಬೇಕು, ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದ ಲೆಕ್ಕಹಾಕುವ, ಕಡತ ಬದಲಾದರೆ ತಾನೂ ಬದಲಾಗುವ ಸಂಕೇತವನ್ನು ಕಂಪನಿಯು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ಮೌಲ್ಯವನ್ನು ಅದೇ ಪೆನ್‌ಡ್ರೈವ್‌ನೊಳಗಿನ ಕಡತದಲ್ಲಿ ಬರೆದಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ತಂತ್ರಾಂಶವನ್ನು ತಿದ್ದಬಲ್ಲವನು ಅದನ್ನೂ ತಿದ್ದಬಲ್ಲ.